ಓಟ ಕೈಬಿಡುವ ಹೊತ್ತು

1991ರ ಜನವರಿ. ಲೀಗಿನ ಫೈನಲ್ ಪಂದ್ಯವಾದ ಸೂಪರ್ ಬೌಲ್‌ಗೆ ಸಜ್ಜಾಗುತ್ತಿದ್ದ ನ್ಯೂಯಾರ್ಕ್ ಜಯಂಟ್ಸ್ ತಂಡದ ಡಿಫೆನ್ಸ್ ಕೋಚ್ ಬಿಲ್ ಬೆಲಿಚಿಕ್ ತಮ್ಮ ಹುಡುಗರನ್ನು ಕೂರಿಸಿಕೊಂಡು, ಎದುರಾಳಿ ಬಫಲೋ ಬಿಲ್ಸ್‌ನ ಥರ್ಮನ್ ಥಾಮಸ್ ನೂರು ಯಾರ್ಡ್ ಓಡಿದರೆ ಗೆಲುವು ನಮ್ಮದೇ ಎಂದರು. ಆಟಗಾರರಿಗೆ ಇದು ರುಚಿಸಲಿಲ್ಲ. ಎದುರಿನವನು ಚೆಂಡು ಅವಚಿಕೊಂಡು ತಮ್ಮನ್ನು ಸೀಳಿಕೊಂಡು ಹೋಗುವುದನ್ನು ಬೇಕೆಂದೇ ಬಿಡುವುದಕ್ಕಿಂತ ದೊಡ್ಡ ಅವಮಾನ ಅಮೆರಿಕನ್ ಫುಟ್‌ಬಾಲ್‌ನ ಡಿಫೆನ್ಸ್‌ಗೆ ಇನ್ನೊಂದಿಲ್ಲ. ಆದರೂ ಬೆಲಿಚಿಕ್ ಪಟ್ಟು ಬಿಡಲಿಲ್ಲ. ಮುಂದಿನ ಸಾಲಿನ ಆಳುಗಳನ್ನು ಕಡಿಮೆ ಮಾಡಿ, ಪಾಸ್ ತಡೆಯುವವರನ್ನು ಹಿಂದೆ ಹರಡಿ ನಿಲ್ಲಿಸಿದರು. ಥಾಮಸ್ 15 ಸಲ ಓಡಿ 135 ಯಾರ್ಡ್ ಗಳಿಸಿದರು, ಸಲಕ್ಕೆ 9 ಯಾರ್ಡ್. ಆಟ ಗೆದ್ದಿದ್ದು ಮಾತ್ರ ಜಯಂಟ್ಸ್, 20-19ರಿಂದ.

ಆ ದಿನದ ಅಂಕಿಗಳನ್ನು ಹಿಡಿದು ಇವತ್ತಿಗೂ ಎರಡು ಬಣ ಜಗಳವಾಡುತ್ತವೆ. ಅಷ್ಟು ಓಡಿಯೂ ಸೋತರಲ್ಲ, ಓಟದಿಂದ ಏನು ಬಂತು ಎನ್ನುವುದು ಒಂದು ಬಣ. ಸಲಕ್ಕೆ 9 ಯಾರ್ಡ್ ಸಿಗುತ್ತಿದ್ದಾಗ ಹದಿನೈದಕ್ಕೇ ನಿಲ್ಲಿಸಿದ್ದು ಯಾವ ಬುದ್ಧಿವಂತಿಕೆ ಎನ್ನುವುದು ಇನ್ನೊಂದು. ಹಿಂದಿನ ವಾರವಷ್ಟೇ ರೈಡರ್ಸ್ ವಿರುದ್ಧ 51 ಅಂಕ ಸುರಿದಿದ್ದ ಬಿಲ್ಸ್‌ಗೆ ತಮ್ಮ ಪಾಸಿನ ಮೇಲೆ ಭಾರೀ ನಂಬಿಕೆ ಇತ್ತು. ಎದುರಾಳಿ ಬಾಗಿಲು ತೆರೆದಿಟ್ಟಿದ್ದರೂ ಅವರು ಗೋಡೆ ಹಾರಲು ಹೊರಟರು. ನಾನು ಎರಡನೆಯ ಬಣದವನು. ಆದರೆ ಆ ಬಣದವರು ಹೇಳುವುದೆಲ್ಲ ಸರಿ ಎಂದು ಒಪ್ಪುವವನಲ್ಲ.

ಆಟ ಪರಿಚಯವಿಲ್ಲದವರಿಗೆ ನಾಲ್ಕು ಮಾತು. ಒಂದು ಕಡೆಗೆ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಯತ್ನಗಳೊಳಗೆ 10 ಯಾರ್ಡ್ ಮುಂದೆ ಹೋಗಬೇಕು. ಈ ಯತ್ನಕ್ಕೆ ಡೌನ್ ಎನ್ನುತ್ತಾರೆ. ಹತ್ತು ದಾಟಿದರೆ ಮತ್ತೆ ನಾಲ್ಕು ಡೌನ್. ಮುಂದೆ ಹೋಗಲು ದಾರಿ ಎರಡೇ: ಕ್ವಾರ್ಟರ್‌ಬ್ಯಾಕ್ ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಕೈಗಿತ್ತು ಓಡಿಸಬೇಕು, ಇಲ್ಲವೇ ದೂರದಲ್ಲಿರುವವನಿಗೆ ಎಸೆಯಬೇಕು. ಈ ಎಸೆತವೇ ಪಾಸ್. ಓಟದಿಂದ ಸಲಕ್ಕೆ ಸರಾಸರಿ 4 ಯಾರ್ಡ್‌ಗಿಂತ ತುಸು ಹೆಚ್ಚು ಸಿಗುತ್ತದೆ. ಕೈ ತಪ್ಪಿದ್ದು, ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ಕೆಳಗುರುಳಿದ್ದು ಎಲ್ಲ ಸೇರಿಸಿ ನೋಡಿದರೂ ಪಾಸಿನಿಂದ 6ರ ಆಸುಪಾಸು. ಲೆಕ್ಕ ಇಷ್ಟೇ ಆಗಿದ್ದರೆ ಯಾರೂ ಓಡುತ್ತಲೇ ಇರಲಿಲ್ಲ. ಆದರೆ ಎಸೆದ ಚೆಂಡನ್ನು ಎದುರಾಳಿ ಕಸಿಯಬಹುದು. ಅದಕ್ಕಿಂತ ಮುಖ್ಯವಾಗಿ, ನೆಲಕ್ಕೆ ಬಿದ್ದ ಪಾಸ್ ಗಡಿಯಾರವನ್ನು ನಿಲ್ಲಿಸುತ್ತದೆ. ಮೈದಾನದೊಳಗೇ ಮುಗಿದ ಓಟ ಅದನ್ನು ಓಡಲು ಬಿಡುತ್ತದೆ. ಈ ಲೇಖನದ ಅರ್ಧ ಜೀವ ಆ ಗಡಿಯಾರದಲ್ಲಿದೆ.

ಓಟಕ್ಕೆ ಒಂದು ಕಾಲದಲ್ಲಿ ಧರ್ಮದ ಸ್ಥಾನವಿತ್ತು. ಒಹಾಯೊ ಸ್ಟೇಟ್‌ನ ವುಡಿ ಹೇಯ್ಸ್ ಸಲಕ್ಕೆ ಮೂರು ಯಾರ್ಡ್, ಹಿಂದೆ ಒಂದಿಷ್ಟು ಧೂಳು ಎಂಬ ಶೈಲಿಗೆ ಹೆಸರಾದವರು. 1960ರ ದಶಕದಲ್ಲಿ ವಿನ್ಸ್ ಲೊಂಬಾರ್ಡಿ ಗ್ರೀನ್ ಬೇಯಲ್ಲಿ ಒಂದೇ ಒಂದು ಓಟದ ತಂತ್ರವನ್ನು ಸಾವಿರ ಸಲ ತಿದ್ದಿಸಿ ಸಾಮ್ರಾಜ್ಯ ಕಟ್ಟಿದರು. 1974ರ ಜನವರಿಯ ಸೂಪರ್ ಬೌಲ್‌ನಲ್ಲಿ ಮಯಾಮಿ ಡಾಲ್ಫಿನ್ಸ್‌ನ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿ ಎಸೆದದ್ದು ಏಳೇ ಪಾಸ್. ಲ್ಯಾರಿ ಝೋಂಕಾ 33 ಸಲ ನುಗ್ಗಿ 145 ಯಾರ್ಡ್ ಗಳಿಸಿದರು. ಮಿನೆಸೋಟಾ ವೈಕಿಂಗ್ಸ್ 24-7ರಿಂದ ಮಣ್ಣು ಮುಕ್ಕಿತು. 1978ರಲ್ಲಿ ನಿಯಮ ಬದಲಾಯಿತು. ಐದು ಯಾರ್ಡ್ ದಾಟಿದ ಮೇಲೆ ಪಾಸ್ ಹಿಡಿಯುವವನನ್ನು ತಳ್ಳುವಂತಿಲ್ಲ ಎಂದರು, ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವವರು ಕೈ ಚಾಚಿ ತಡೆಯಬಹುದು ಎಂದರು. ಅಲ್ಲಿಂದ ಪಾಸು ಅಗ್ಗವಾಯಿತು. ಧರ್ಮ ಹೋಯಿತು, ಆಚಾರ ಮಾತ್ರ ಉಳಿಯಿತು.

ಆಚಾರ ಎಂದೆ, ಏಕೆಂದರೆ ಟಿವಿ ವೀಕ್ಷಕ ವಿವರಣೆಯಲ್ಲಿ ಈಗಲೂ ಒಂದು ಮಂತ್ರ ಕೇಳಿಸುತ್ತದೆ: ಈ ಓಟಗಾರನಿಗೆ ಇಪ್ಪತ್ತು ಸಲ ಚೆಂಡು ಕೊಟ್ಟ ದಿನ ತಂಡ ಸೋಲುವುದೇ ಅಪರೂಪ! ಕೇಳಲು ಚೆಂದ. ಇದರ ಬಣ್ಣ ಬಯಲು ಮಾಡಿದವರಲ್ಲಿ ಆರನ್ ಶಾಟ್ಜ್ ಪ್ರಮುಖರು. 2003ರಲ್ಲಿ ಅವರು ಅಂಕಿಗಳನ್ನು ಕಾಲು ಕಾಲು ಭಾಗವಾಗಿ ಬಿಡಿಸಿ, ತಂಡಗಳು ಓಡಿದ್ದಕ್ಕೆ ಗೆಲ್ಲುವುದಿಲ್ಲ, ಗೆಲ್ಲುತ್ತಿರುವುದಕ್ಕೆ ಓಡುತ್ತವೆ ಎಂದು ತೋರಿಸಿದರು. ಮುನ್ನಡೆ ಸಿಕ್ಕ ತಂಡ ಕೊನೆಯ ಕ್ವಾರ್ಟರ್‌ನಲ್ಲಿ ಸಮಯ ಕಳೆಯಲು ಓಡಿ ಓಡಿ ಲೆಕ್ಕ ಹಿಗ್ಗಿಸುತ್ತದೆ. ಹಿಂದೆ ಬಿದ್ದ ತಂಡ ಎಸೆದು ಎಸೆದು ಓಟದ ಲೆಕ್ಕ ಕುಗ್ಗಿಸುತ್ತದೆ. ಅದಕ್ಕೂ ಮುಂಚೆ 1971ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್‌ಗೆ ಆಡುತ್ತಿದ್ದ ಕ್ವಾರ್ಟರ್‌ಬ್ಯಾಕ್ ವರ್ಜಿಲ್ ಕಾರ್ಟರ್, ರಾಬರ್ಟ್ ಮಾಕೊಲ್ ಎಂಬ ಪ್ರಾಧ್ಯಾಪಕರ ಜೊತೆ ಸೇರಿ, ಮೈದಾನದ ಯಾವ ಗೆರೆಯಲ್ಲಿ ಚೆಂಡು ಇದ್ದರೆ ಎಷ್ಟು ಅಂಕದ ಬೆಲೆ ಎಂದು ಲೆಕ್ಕ ಹಾಕಿ ಪ್ರಬಂಧ ಪ್ರಕಟಿಸಿದ್ದರು. ಆಡುವವನೇ ಲೆಕ್ಕಕ್ಕೆ ಕೂತದ್ದು ನನಗೆ ಈಗಲೂ ಸೋಜಿಗ. 2006ರಲ್ಲಿ ಬೆಂಜಮಿನ್ ಅಲಮಾರ್ ಇನ್ನೊಂದು ಪ್ರಶ್ನೆ ಎತ್ತಿದರು: ಪಾಸಿನಿಂದ ಬರುವ ಲಾಭ ಇಷ್ಟು ಹೆಚ್ಚಿದ್ದೂ ಕೋಚ್‌ಗಳು ಇನ್ನಷ್ಟು ಎಸೆಯುವುದಿಲ್ಲವೇಕೆ? ಅಂಕಿಯವರು ಹೀಗೆ ಓಟದ ಬೆನ್ನು ಮುರಿದ ಮೇಲೆ, ಮೊದಲ ಡೌನ್ ಬಂತೆಂದರೆ ಕಣ್ಣು ಮುಚ್ಚಿ ಓಡಿಸುವ ಹಳೇ ಚಾಳಿ ಕ್ರಮೇಣ ಕಡಿಮೆಯಾಯಿತು. ಅದು ಒಳ್ಳೆಯದೇ ಆಯಿತು.

ಹಾಗಾದರೆ ಓಟ ಇಂದು ಕೈ ಹಿಡಿಯುತ್ತಿಲ್ಲ ಎಂದು ಕೋಚ್‌ಗೆ ಹೇಗೆ ಗೊತ್ತಾಗಬೇಕು? ಸರಾಸರಿ ನೋಡಿ ಎನ್ನುವುದು ರೂಢಿ. ಸರಾಸರಿ ಎಷ್ಟು ಸುಳ್ಳು ಹೇಳಬಲ್ಲದು ಎನ್ನುವುದಕ್ಕೆ ಡೆಟ್ರಾಯಿಟ್ ಲಯನ್ಸ್‌ನ ಬ್ಯಾರಿ ಸ್ಯಾಂಡರ್ಸ್ ಸಾಕು. ಅವರ ಕೈಗೆ ಚೆಂಡು ಸಿಕ್ಕರೆ ಒಂದು, ಸೊನ್ನೆ, ಮೈನಸ್ ಎರಡು, ಆಮೇಲೆ ಏಕಾಏಕಿ ಅರವತ್ತು. 1997ರಲ್ಲಿ ಅವರು 2,053 ಯಾರ್ಡ್ ಓಡಿದರು. 1994ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ನಡೆದ ನಾಕೌಟ್ ಆಟದಲ್ಲಿ 13 ಸಲ ಓಡಿ ಗಳಿಸಿದ್ದು ಮೈನಸ್ 1 ಯಾರ್ಡ್. ಇಂಥವರು ಇರುವ ತಂಡ ಎರಡು ಓಟ ವ್ಯರ್ಥವಾಯಿತೆಂದು ನಿಲ್ಲಿಸಿದರೆ ಮೂರನೆಯದರಲ್ಲಿ ಬರಬಹುದಾದ ಅರವತ್ತು ಹೋಗುತ್ತದೆ. ನಿಲ್ಲಿಸದಿದ್ದರೆ ಸುಮ್ಮನೆ ಡೌನ್ ಉರಿದುಹೋಗುತ್ತದೆ. 1988ರಲ್ಲಿ ಬಂದ ‘ದಿ ಹಿಡನ್ ಗೇಮ್ ಆಫ್ ಫುಟ್‌ಬಾಲ್’ ಪುಸ್ತಕ ಇದಕ್ಕೊಂದು ಉತ್ತಮ ಅಳತೆ ಕೊಟ್ಟಿತು. ಮೊದಲ ಡೌನ್‌ನಲ್ಲಿ ಬೇಕಾದ್ದರ ಶೇಕಡ 40, ಎರಡನೆಯದರಲ್ಲಿ ಶೇಕಡ 60, ಮೂರನೆಯದರಲ್ಲಿ ಪೂರ್ತಿ ಸಿಕ್ಕರೆ ಆ ಯತ್ನ ಗೆದ್ದಂತೆ. ಈ ಅಳತೆಯಲ್ಲಿ ಮೂರನೇ ಡೌನ್, ಒಂದು ಯಾರ್ಡ್ ಬೇಕು ಎಂಬಾಗ ಸಿಕ್ಕ ಎರಡು ಯಾರ್ಡ್ ಪೂರ್ಣ ಯಶಸ್ಸು. ಅದೇ ಮೂರನೇ ಡೌನ್‌ನಲ್ಲಿ ಹತ್ತು ಬೇಕಾದಾಗ ಸಿಕ್ಕ ಒಂಬತ್ತು, ಸರಾಸರಿಯನ್ನು ಎಷ್ಟೇ ಉಬ್ಬಿಸಲಿ, ಸೋಲು.

ಅದಕ್ಕಿಂತಲೂ ಮುಖ್ಯ, ಎದುರಿಗೆ ಎಷ್ಟು ಆಳು ನಿಂತಿದ್ದಾರೆ ಎನ್ನುವುದು. ಚೆಂಡಿನ ಸುತ್ತಮುತ್ತಲ ಆ ಜಾಗಕ್ಕೆ ಆಟದವರು ಬಾಕ್ಸ್ ಎನ್ನುತ್ತಾರೆ. ಅಲ್ಲಿ ಎಂಟು ಜನ ಕಿಕ್ಕಿರಿದಿದ್ದರೆ ಓಡುವುದು ಮೊಂಡುತನ. ಆರೇ ಜನ ಇದ್ದರೆ ಎಸೆಯುವುದು ಪ್ರತಿಷ್ಠೆ. 2002ರ ಫೆಬ್ರವರಿಯ ಸೂಪರ್ ಬೌಲ್ ನೋಡಿ. ಅದೇ ಬೆಲಿಚಿಕ್, ಈಗ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಮುಖ್ಯ ಕೋಚ್. ಎದುರಿಗೆ ಸೇಂಟ್ ಲೂಯಿಸ್ ರ‍್ಯಾಮ್ಸ್, ಕ್ಷಣದಲ್ಲಿ ಅಂಕ ಸುರಿಯುವ ತಂಡ. ಪೇಟ್ರಿಯಟ್ಸ್ ಆಟದ ಬಹುಭಾಗ ಐದು, ಆರು ಜನ ಪಾಸ್ ತಡೆಯುವವರನ್ನೇ ಹಿಂದೆ ಬಿಟ್ಟು, ಮುಂದೆ ಬೇಕಾದರೆ ಓಡಿಕೊಳ್ಳಿ ಎಂದಿತು. ರ‍್ಯಾಮ್ಸ್ ಬಳಿ ಮಾರ್ಷಲ್ ಫಾಕ್ ಇದ್ದರು, ಆ ಕಾಲದ ಅತ್ಯುತ್ತಮ ರನ್ನಿಂಗ್ ಬ್ಯಾಕ್. ಕೋಚ್ ಮೈಕ್ ಮಾರ್ಟ್ಜ್ ಅವರಿಗೆ ಚೆಂಡು ಕೊಟ್ಟದ್ದು 17 ಸಲ. ಕರ್ಟ್ ವಾರ್ನರ್ ಎಸೆದದ್ದು 44 ಸಲ. ವಾರ್ನರ್ 365 ಯಾರ್ಡ್ ಎಸೆದರು, ಎರಡು ಸಲ ಚೆಂಡು ಕಳೆದುಕೊಂಡರು, ರ‍್ಯಾಮ್ಸ್ 20-17ರಿಂದ ಸೋತಿತು. ಹನ್ನೊಂದು ವರ್ಷದ ಅಂತರದಲ್ಲಿ ಒಬ್ಬನೇ ಕೋಚ್ ಒಂದೇ ಬಲೆಯನ್ನು ಎರಡು ಸಲ ಬೀಸಿದ, ಎರಡು ಸಲವೂ ಮೀನು ಬಿತ್ತು. ಶತ್ರು ಓಡಿ ಎಂದು ಬೇಡಿಕೊಳ್ಳುವಾಗ ಓಡುವುದು ಅವನ ಬಲೆಗೆ ಬಿದ್ದಂತೆ ಎಂದು ಕೋಚ್‌ಗಳಿಗೆ ಅನ್ನಿಸುತ್ತದೆ. ಆದರೆ ಬೆಲಿಚಿಕ್ ಹೂಡಿದ್ದ ಬಾಜಿ ಎದುರಾಳಿಯ ಓಟದ ಮೇಲಲ್ಲ, ಎದುರಾಳಿಗೆ ತಾಳ್ಮೆ ಇಲ್ಲ ಎನ್ನುವುದರ ಮೇಲೆ.

ಈಗ ಗಡಿಯಾರಕ್ಕೆ ಬರೋಣ. ಒಂದು ಆಟದಲ್ಲಿ ಪ್ರತಿ ತಂಡಕ್ಕೆ ಚೆಂಡು ಹತ್ತು ಹನ್ನೊಂದು ಸರದಿ ಸಿಗುತ್ತದೆ, ಅಂದರೆ ಅರ್ಧಕ್ಕೆ ಐದರಷ್ಟು. ವಿರಾಮದ ಹೊತ್ತಿಗೆ 10 ಅಂಕ ಹಿಂದಿರುವ ತಂಡ ಐದು ಸರದಿಯಲ್ಲಿ ಎರಡು ಸಲ ಅಂಕ ಗಳಿಸಬೇಕು. ಇದರಲ್ಲಿ ಆತುರಪಡುವಂಥದ್ದು ಏನೂ ಇಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಹತ್ತು ನಿಮಿಷ ಬಾಕಿ, 17 ಅಂಕ ಹಿಂದೆ ಎಂದಾದರೆ ಮಾತು ಬೇರೆ: ಮೂರು ಸಲ ಅಂಕ ಬೇಕು, ಸಿಗುವುದು ಎರಡೋ ಮೂರೋ ಸರದಿ, ಒಂದೊಂದು ಓಟಕ್ಕೂ ಸುಮಾರು ನಲವತ್ತು ಸೆಕೆಂಡ್ ಕರಗುತ್ತದೆ. ಆಗ ಓಟ ಬಿಡಲೇಬೇಕು, ಅದು ಚೆನ್ನಾಗಿ ನಡೆಯುತ್ತಿದ್ದರೂ ಬಿಡಬೇಕು. ಕೋಚ್‌ಗಳು ಎಡವುವುದು ಈ ಎರಡರ ನಡುವೆ. ಗಡಿಯಾರ ಬಿಡು ಎನ್ನುವ ಮೊದಲೇ ಅಂಕಫಲಕ ನೋಡಿ ಬಿಟ್ಟುಬಿಡುತ್ತಾರೆ. ಏಕದಿನ ಕ್ರಿಕೆಟ್‌ನಲ್ಲಿ ಮೂವತ್ತು ಓವರ್ ಉಳಿದಿರುವಾಗ, ಬೇಕಾದ ರನ್ ರೇಟ್ ಆರೂವರೆಗೆ ಏರಿತೆಂದು ಎಲ್ಲರೂ ಬೌಂಡರಿ ಆಚೆ ಕಣ್ಣಿಟ್ಟು ಔಟಾಗುವ ಹಾಗೆ.

ಬಾಲ್ಟಿಮೋರ್ ರೇವನ್ಸ್ ಇದಕ್ಕೆ ತಕ್ಕ ನಿದರ್ಶನ, ಅದೂ ಎರಡೆರಡು ಸಲ. 2019ರ ಋತುವಿನಲ್ಲಿ ರೇವನ್ಸ್ 3,296 ಯಾರ್ಡ್ ಓಡಿ ಲೀಗಿನ ದಾಖಲೆ ಬರೆಯಿತು. 2020ರ ಜನವರಿ 11ರಂದು ಟೆನೆಸ್ಸಿ ಟೈಟನ್ಸ್ ಎದುರು ವಿರಾಮದ ಹೊತ್ತಿಗೆ 14-6ರಿಂದ ಹಿಂದಿತ್ತು. ಎಂಟೇ ಅಂಕ. ಆಟ ಮುಗಿದಾಗ ಕ್ವಾರ್ಟರ್‌ಬ್ಯಾಕ್ ಲಮಾರ್ ಜ್ಯಾಕ್ಸನ್ 59 ಪಾಸ್ ಎಸೆದಿದ್ದರು. ಪ್ರಮುಖ ರನ್ನಿಂಗ್ ಬ್ಯಾಕ್ ಮಾರ್ಕ್ ಇಂಗ್ರಮ್‌ಗೆ ಚೆಂಡು ಸಿಕ್ಕಿದ್ದು ಆರು ಸಲ. ಇಂಗ್ರಮ್‌ಗೆ ಕಾಲು ನೋವಿತ್ತು, ಜ್ಯಾಕ್ಸನ್ ತಾವೇ 143 ಯಾರ್ಡ್ ಓಡಿದ್ದರು, ಇವೆಲ್ಲ ನಿಜ. ಸೋಲು 28-12. ನಾಲ್ಕು ವರ್ಷದ ನಂತರ, 2024ರ ಜನವರಿ 28ರಂದು, ಮತ್ತೆ ಲೀಗಿನಲ್ಲೇ ಅತಿ ಹೆಚ್ಚು ಓಡಿದ ತಂಡವಾಗಿ ರೇವನ್ಸ್ ತವರಿನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಅನ್ನು ಎದುರಿಸಿತು. ವಿರಾಮಕ್ಕೆ 17-7ರಿಂದ ಹಿಂದೆ. ದ್ವಿತೀಯಾರ್ಧದಲ್ಲಿ ಚೀಫ್ಸ್ ಒಂದೇ ಒಂದು ಅಂಕ ಗಳಿಸಲಿಲ್ಲ. ಅಂತರ ಒಮ್ಮೆಯೂ ಹತ್ತು ದಾಟಲಿಲ್ಲ. ಆದರೂ ಇಡೀ ಆಟದಲ್ಲಿ ರೇವನ್ಸ್‌ನ ರನ್ನಿಂಗ್ ಬ್ಯಾಕ್‌ಗಳು ಓಡಿದ್ದು ಒಟ್ಟು ಆರು ಸಲ. ಗಸ್ ಎಡ್ವರ್ಡ್ಸ್‌ಗೆ ಮೂರು ಸಲ ಕೊಟ್ಟರು, ಅವರು 20 ಯಾರ್ಡ್ ತಂದರು, ಆಮೇಲೆ ಮರೆತರು. ಆ ವರ್ಷ ಚೀಫ್ಸ್‌ನ ಬಲವಿದ್ದದ್ದು ಪಾಸ್ ತಡೆಯುವುದರಲ್ಲಿ. ಅಂಥವರ ಮೇಲೆ 37 ಸಲ ಎಸೆದು 17-10ರಿಂದ ಸೋತದ್ದಕ್ಕೆ ಗಾಬರಿ ಎನ್ನದೆ ಬೇರೆ ಹೆಸರು ನನಗೆ ತೋಚುತ್ತಿಲ್ಲ.

ಹಿಂದಿರುವ ತಂಡ ಓಟ ಬಿಟ್ಟರೆ ಬೈಗುಳ ತಿನ್ನುತ್ತದೆ. ಮುಂದಿರುವ ತಂಡ ಬಿಟ್ಟರೆ ಇತಿಹಾಸ ಸೇರುತ್ತದೆ. 2017ರ ಫೆಬ್ರವರಿ 5, ಹ್ಯೂಸ್ಟನ್‌ನಲ್ಲಿ ಸೂಪರ್ ಬೌಲ್. ಪೇಟ್ರಿಯಟ್ಸ್ ಎದುರು ಅಟ್ಲಾಂಟಾ ಫಾಲ್ಕನ್ಸ್ ಮೂರನೇ ಕ್ವಾರ್ಟರ್‌ನಲ್ಲಿ 28-3ರಿಂದ ಮುಂದಿತ್ತು. ಮುಂದಿನ ಕಥೆ ಎಲ್ಲರಿಗೂ ಗೊತ್ತು. ನೋಡಬೇಕಾದದ್ದು ಎರಡು ಗಳಿಗೆ. ಒಂದು: ಎಂಟೂವರೆ ನಿಮಿಷ ಉಳಿದಿದೆ, 28-12, ಮೂರನೇ ಡೌನ್, ಬೇಕಾದದ್ದು ಒಂದು ಯಾರ್ಡ್. ಒಂದು ಯಾರ್ಡ್‌ಗೆ ನುಗ್ಗುವುದು ಎಸೆಯುವುದಕ್ಕಿಂತ ಖಾತ್ರಿಯ ದಾರಿ. ಎಸೆಯಲು ಹೋದ ಮ್ಯಾಟ್ ರಯನ್ ಮೇಲೆ ಡೋಂಟಾ ಹೈಟವರ್ ಎರಗಿ ಚೆಂಡು ಉದುರಿಸಿದರು, ಪೇಟ್ರಿಯಟ್ಸ್ ಅಲ್ಲೇ ಎತ್ತಿಕೊಂಡು ಅಂಕ ಗಳಿಸಿತು. ಎರಡು: ಅಂಚಿನಲ್ಲಿ ಜೂಲಿಯೊ ಜೋನ್ಸ್ ಬೆರಳ ತುದಿಯಲ್ಲಿ ಹಿಡಿದ ಅದ್ಭುತ ಪಾಸಿನಿಂದ ಚೆಂಡು ಎದುರಾಳಿಯ 22 ಯಾರ್ಡ್ ಗೆರೆಗೆ ಬಂದಿದೆ. 28-20, ಐದು ನಿಮಿಷವೂ ಉಳಿದಿಲ್ಲ. ಅಲ್ಲಿಂದ ಚೆಂಡನ್ನು ಒದ್ದು ಮೂರು ಅಂಕ ಸೇರಿಸಿದರೆ ಅಂತರ 11, ಪೇಟ್ರಿಯಟ್ಸ್‌ಗೆ ಎರಡು ಸಲ ಅಂಕ ಬೇಕು. ಮೊದಲ ಓಟದಲ್ಲಿ ಡೆವೊಂಟಾ ಫ್ರೀಮನ್ ಒಂದು ಯಾರ್ಡ್ ಕಳೆದುಕೊಂಡರು. ಅಷ್ಟಕ್ಕೇ ಮತ್ತೆ ಎಸೆಯುವ ಆಲೋಚನೆ. ರಯನ್ 12 ಯಾರ್ಡ್ ಹಿಂದೆ ಉರುಳಿದರು, ಮುಂದಿನ ಯತ್ನದಲ್ಲಿ ನಿಯಮ ಮುರಿದದ್ದಕ್ಕೆ ಇನ್ನೂ ಹತ್ತು ಯಾರ್ಡ್ ದಂಡ, ಒದೆಯುವ ದೂರ ಕೈತಪ್ಪಿತು. ಪೇಟ್ರಿಯಟ್ಸ್ ಸಮ ಮಾಡಿಕೊಂಡು ಹೆಚ್ಚುವರಿ ಸಮಯದಲ್ಲಿ 34-28ರಿಂದ ಗೆದ್ದಿತು. ಗೆಲುವಿನ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವ ಗಳಿಕೆ, ಬಂದದ್ದು ಜೇಮ್ಸ್ ವೈಟ್ ಅವರ ಎರಡು ಯಾರ್ಡ್ ಓಟದಿಂದ.

ಇಲ್ಲಿ ಓಟ ಚೆನ್ನಾಗಿ ನಡೆಯುತ್ತಿತ್ತೇ ಎನ್ನುವ ಪ್ರಶ್ನೆಯೇ ಅಸಂಗತ. ಆ 22 ಯಾರ್ಡ್ ಗೆರೆಯಲ್ಲಿ ಓಟದಿಂದ ಯಾರ್ಡ್ ಬೇಕಾಗಿರಲಿಲ್ಲ, ಸಮಯ ಬೇಕಿತ್ತು. ಮೂರು ಸಲ ಸೊನ್ನೆ ಗಳಿಸಿದರೂ ಲಾಭವೇ.

ಆ ದಿನ ಫಾಲ್ಕನ್ಸ್‌ನ ದಾಳಿ ರೂಪಿಸುತ್ತಿದ್ದವರು ಕೈಲ್ ಶಾನಹನ್. ಮರುದಿನವೇ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ನ ಮುಖ್ಯ ಕೋಚ್ ಆದರು. ಸಾಂಟಾ ಕ್ಲಾರಾದ ಕ್ರೀಡಾಂಗಣದ ಸುತ್ತಮುತ್ತ ನೆಲೆಸಿ ಕೆಂಪು ಜೆರ್ಸಿ ತೊಡುವ ನಮ್ಮ ಕನ್ನಡಿಗರಿಗೆ ಮುಂದಿನ ಸಂಕಟ ಚೆನ್ನಾಗಿ ಗೊತ್ತು. 2020ರ ಜನವರಿಯಲ್ಲಿ ಗ್ರೀನ್ ಬೇ ವಿರುದ್ಧ ಅವರ ತಂಡ ಎಸೆದದ್ದು ಬರೀ ಎಂಟು ಪಾಸ್. ರಹೀಮ್ ಮೋಸ್ಟರ್ಟ್ 220 ಯಾರ್ಡ್ ಓಡಿ ನಾಲ್ಕು ಟಚ್‌ಡೌನ್ ಹೊಡೆದರು. ಎರಡು ವಾರದ ನಂತರ ಸೂಪರ್ ಬೌಲ್‌ನ ಕೊನೆಯ ಕ್ವಾರ್ಟರ್‌ನಲ್ಲಿ 20-10ರಿಂದ ಮುಂದಿದ್ದರು. ಆ ಆಟದಲ್ಲೂ ಓಟ ಕೈಕೊಟ್ಟಿರಲಿಲ್ಲ, 22 ಸಲಕ್ಕೆ 141 ಯಾರ್ಡ್. ಆದರೆ ಪಾಸ್ 31. ಚೀಫ್ಸ್ ಕೊನೆಯ ಏಳು ನಿಮಿಷದೊಳಗೆ 21 ಅಂಕ ಗಳಿಸಿ ಕಪ್ ಒಯ್ದಿತು. ಓಟದ ತಂತ್ರದಲ್ಲಿ ಶಾನಹನ್‌ರನ್ನು ಮೀರಿಸುವವರು ಇವತ್ತು ಕಡಿಮೆ. ಓಟ ಬಲ್ಲವರಿಗೇ ಓಟದ ಮೇಲೆ ಭರವಸೆ ಇಡುವುದು ಇಷ್ಟು ಕಷ್ಟ.

ಎಲ್ಲ ಆರೋಪವೂ ನ್ಯಾಯದ್ದಲ್ಲ. 2015ರ ಫೆಬ್ರವರಿ 1ರಂದು ಸಿಯಾಟಲ್ ಸೀಹಾಕ್ಸ್ ಒಂದು ಯಾರ್ಡ್ ದೂರದಿಂದ ಮಾರ್ಷಾನ್ ಲಿಂಚ್‌ಗೆ ಚೆಂಡು ಕೊಡದೆ ಎಸೆದು, ಪೇಟ್ರಿಯಟ್ಸ್‌ನ ಮ್ಯಾಲ್ಕಮ್ ಬಟ್ಲರ್ ಅದನ್ನು ಕಸಿದು, ಸೂಪರ್ ಬೌಲ್ ಕಳೆದುಕೊಂಡದ್ದನ್ನು ಜನ ಇತಿಹಾಸದ ಅತಿ ಮೂರ್ಖ ನಿರ್ಧಾರ ಎಂದರು. ಲೆಕ್ಕ ನೋಡಿ. 26 ಸೆಕೆಂಡ್, ಒಂದು ಟೈಮ್‌ಔಟ್, ಮೂರು ಡೌನ್. ಮೂರು ಸಲವೂ ಓಡಲು ಸಮಯ ಸಾಲದು. ಎಲ್ಲೋ ಒಂದು ಕಡೆ ಎಸೆಯಲೇಬೇಕು, ಬಿದ್ದ ಪಾಸ್ ಗಡಿಯಾರ ನಿಲ್ಲಿಸುತ್ತದೆ. ಆ ಋತುವಿನಲ್ಲಿ ಲಿಂಚ್ ಒಂದು ಯಾರ್ಡ್‌ನಿಂದ ಐದು ಸಲ ನುಗ್ಗಿ ಒಂದೇ ಸಲ ಟಚ್‌ಡೌನ್ ಮಾಡಿದ್ದರು. ಅದೇ ಋತುವಿನಲ್ಲಿ ಒಂದು ಯಾರ್ಡ್‌ನಿಂದ ಲೀಗಿನ ತಂಡಗಳು ನೂರಕ್ಕೂ ಹೆಚ್ಚು ಪಾಸ್ ಎಸೆದಿದ್ದವು, ಒಂದೂ ಎದುರಾಳಿಯ ಕೈ ಸೇರಿರಲಿಲ್ಲ. ಜನರ ಗುಂಪಿನ ನಡುವೆ ಎಸೆಯುವ ಆ ಬಗೆಯ ಪಾಸ್ ಆರಿಸಿದ್ದು ತಪ್ಪಿರಬಹುದು. ಎಸೆಯುವ ತೀರ್ಮಾನದಲ್ಲಿ ನನಗಂತೂ ತಪ್ಪು ಕಾಣುವುದಿಲ್ಲ.

ಓಟಕ್ಕೇ ಅಂಟಿಕೊಂಡು ಮುಳುಗಿದವರೂ ಇದ್ದಾರೆ. 1978ರ ನವೆಂಬರ್ 19. ಜಯಂಟ್ಸ್ 17-12ರಿಂದ ಮುಂದಿದೆ, ಅರ್ಧ ನಿಮಿಷವಷ್ಟೇ ಬಾಕಿ. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ನೆಲಕ್ಕೆ ಕೂತಿದ್ದರೆ ಆಟ ಮುಗಿಯುತ್ತಿತ್ತು. ಕೋಚ್ ಓಟ ಬೇಕೆಂದರು. ಜೋ ಪಿಸಾರ್ಚಿಕ್ ಕೊಟ್ಟ ಚೆಂಡು ಕೈಜಾರಿತು, ಫಿಲಡೆಲ್ಫಿಯಾ ಈಗಲ್ಸ್‌ನ ಹರ್ಮ್ ಎಡ್ವರ್ಡ್ಸ್ ಎತ್ತಿಕೊಂಡು ಓಡಿದರು, 19-17. ಚೆಂಡು ಸಿಗಬೇಕಾಗಿದ್ದ ಓಟಗಾರ ಯಾರು? ಅದೇ ಲ್ಯಾರಿ ಝೋಂಕಾ, ಸುಮಾರು ಐದು ವರ್ಷದ ಹಿಂದೆ ಓಟವೊಂದರಿಂದಲೇ ಸೂಪರ್ ಬೌಲ್ ಗೆಲ್ಲಿಸಿದವರು. ದಾಳಿಯ ಕೋಚ್ ಮರುದಿನವೇ ಕೆಲಸ ಕಳೆದುಕೊಂಡರು.

ಇನ್ನೆರಡು ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಓಡುವಂತೆ ನಟಿಸಿ ಎಸೆಯುವ ಪ್ಲೇ ಆ್ಯಕ್ಷನ್ ಫಲಿಸಬೇಕಾದರೆ ಮೊದಲು ಓಟ ಗಟ್ಟಿಯಾಗಿರಬೇಕು ಎನ್ನುತ್ತಾರೆ. ಹಾಗೇನಿಲ್ಲ, ಓಟ ಸೊರಗಿದ ತಂಡಗಳಿಗೂ ಅದು ಫಲಿಸುತ್ತದೆ ಎಂದು 2018ರಲ್ಲಿ ಬೆನ್ ಬಾಲ್ಡ್ವಿನ್ ಅಂಕಿ ಸಮೇತ ತೋರಿಸಿದರು. ಓಡುತ್ತಲೇ ಇದ್ದರೆ ಕೊನೆಗೆ ಎದುರಾಳಿ ದಣಿದು ಬಿರುಕು ಬಿಡುತ್ತಾನೆ ಎನ್ನುವುದು ಇನ್ನೊಂದು. ಬಿರುಕು ಬಿಟ್ಟ ದಿನಗಳನ್ನು ನಾವು ನೆನಪಿಡುತ್ತೇವೆ. ಬಿಡದ ದಿನ ತಂಡ ಹಿಂದೆ ಬಿದ್ದು, ಓಟ ಕೈಬಿಟ್ಟು, ಪರೀಕ್ಷೆಯೇ ಅರ್ಧಕ್ಕೆ ನಿಂತಿರುತ್ತದೆ. ಡೆರಿಕ್ ಹೆನ್ರಿಯಂಥ ಆನೆ ಇದ್ದ ಟೈಟನ್ಸ್ 2020ರ ಜನವರಿಯಲ್ಲಿ ಪಾಸಿನಿಂದ ನೂರು ಯಾರ್ಡ್ ಕೂಡ ಗಳಿಸದೆ ಸತತ ಎರಡು ನಾಕೌಟ್ ಗೆದ್ದಿತು. ಮೂರನೆಯದರಲ್ಲಿ 17-7ರಿಂದ ಮುಂದಿದ್ದೂ ಚೀಫ್ಸ್ ಎದುರು 35-24ರಿಂದ ಸೋತಿತು. ಹೆನ್ರಿಗೆ ಸಿಕ್ಕಿದ್ದು 69 ಯಾರ್ಡ್.

ಹವಾಮಾನದ ಮಾತು ಬಿಟ್ಟರೆ ಸಮೀಕ್ಷೆ ಅಪೂರ್ಣ. 2021ರ ಡಿಸೆಂಬರ್ 6ರಂದು ಬಫಲೋದಲ್ಲಿ ಚೆಂಡನ್ನೇ ಹೊತ್ತೊಯ್ಯುವಂಥ ಗಾಳಿ. ಪೇಟ್ರಿಯಟ್ಸ್ ಇಡೀ ಆಟದಲ್ಲಿ ಎಸೆದದ್ದು ಮೂರೇ ಪಾಸ್. 46 ಸಲ ಓಡಿ 222 ಯಾರ್ಡ್, ಗೆಲುವು 14-10. ಆರು ವಾರದ ನಂತರ ಅದೇ ಊರಿನಲ್ಲಿ ಅದೇ ತಂಡಗಳು ನಾಕೌಟ್‌ನಲ್ಲಿ ಎದುರಾದವು. ಆ ರಾತ್ರಿ ಕೊರೆಯುವ ಚಳಿ ಇತ್ತು, ಆದರೆ ಆ ಗಾಳಿ ಇರಲಿಲ್ಲ. ಬಿಲ್ಸ್ ಮೊದಲ ಏಳು ಸರದಿಯಲ್ಲಿ ಏಳು ಟಚ್‌ಡೌನ್ ಹೊಡೆದು 47-17ರಿಂದ ಗೆದ್ದಿತು. ಎದುರಾಳಿ ಪ್ರತಿ ಸಲ ಟಚ್‌ಡೌನ್ ಹೊಡೆಯುತ್ತಿರುವಾಗ ಓಟದ ಮೇಲೆ ಯಾರ ಶ್ರದ್ಧೆಯೂ ಉಳಿಯದು.

ಈಚಿನ ವರ್ಷಗಳಲ್ಲಿ ಓಟ ಮತ್ತೆ ತಲೆ ಎತ್ತಿದೆ. ದೂರದ ಪಾಸಿಗೆ ಹೆದರಿ ಡಿಫೆನ್ಸ್‌ಗಳು ಇಬ್ಬರನ್ನು ತೀರ ಹಿಂದೆ ನಿಲ್ಲಿಸತೊಡಗಿದ ಮೇಲೆ ಬಾಕ್ಸ್ ಖಾಲಿಯಾಯಿತು. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡದ್ದು ಈಗಲ್ಸ್. 2021ರ ಸೆಪ್ಟೆಂಬರ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧ ತಮ್ಮ ರನ್ನಿಂಗ್ ಬ್ಯಾಕ್‌ಗಳಿಗೆ ಒಟ್ಟು ಮೂರು ಸಲ ಚೆಂಡು ಕೊಟ್ಟು ನಗೆಪಾಟಲಾದ ಕೋಚ್ ನಿಕ್ ಸಿರಿಯಾನಿ, ಋತುವಿನ ಮಧ್ಯೆ ದಿಕ್ಕು ಬದಲಿಸಿದರು. ವರ್ಷಾಂತ್ಯಕ್ಕೆ ಅದೇ ತಂಡ ಲೀಗಿನಲ್ಲೇ ಹೆಚ್ಚು ಓಡಿದ ತಂಡವಾಗಿತ್ತು. 2024ರಲ್ಲಿ ಸಾಕ್ವಾನ್ ಬಾರ್ಕ್ಲಿ ಬಂದು 2,005 ಯಾರ್ಡ್ ಓಡಿದರು. 2025ರ ಫೆಬ್ರವರಿ 9ರ ಸೂಪರ್ ಬೌಲ್‌ನಲ್ಲಿ ಚೀಫ್ಸ್ ಪಣ ತೊಟ್ಟಂತೆ ಬಾರ್ಕ್ಲಿಯನ್ನು ಕಟ್ಟಿಹಾಕಿತು: 25 ಸಲಕ್ಕೆ 57 ಯಾರ್ಡ್. ಸರಾಸರಿ ನೋಡುವ ಕೋಚ್ ಮೂರನೇ ಸರದಿಗೇ ಬೇಸತ್ತು ಬಿಡುತ್ತಿದ್ದ. ಬಾರ್ಕ್ಲಿಯತ್ತ ಜನ ಕೂಡಿದಷ್ಟೂ ಜೇಲನ್ ಹರ್ಟ್ಸ್‌ಗೆ ಎಸೆಯಲು ಜಾಗ ತೆರೆಯಿತು. ವಿರಾಮಕ್ಕೆ 24-0 ಆದ ಮೇಲೆ ಈಗಲ್ಸ್‌ಗೆ ಬೇಕಿದ್ದದ್ದು ಯಾರ್ಡ್ ಅಲ್ಲ, ನಿಮಿಷ. ಆ ತಂಡ ಒಟ್ಟು 45 ಸಲ ಓಡಿ, ಸಲಕ್ಕೆ ಮೂರೇ ಯಾರ್ಡ್‌ನಂತೆ 135 ಯಾರ್ಡ್ ಗಳಿಸಿ, 40-22ರಿಂದ ಗೆದ್ದಿತು.